ಹುಡುಕುವವನ ಮಾತು, ಬರೆಯುವವನ ಮಾತು

ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರಿನ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳೋಣ. ಅವನ ಹೊಲದ ಶೇಂಗಾ ಎಲೆಗಳು ಹಳದಿಗಟ್ಟಿವೆ. ಕಾರಣವನ್ನು ಅರಿಯಲು ಅವನು ಮೊಬೈಲಿನಲ್ಲಿ ‘ಶೇಂಗಾ’ ಎಂದು ಬರೆದು ಹುಡುಕುತ್ತಾನೆ. ಮಾರುಕಟ್ಟೆಯ ದರ, ಎಣ್ಣೆ, ಚಟ್ನಿ, ಹೋಳಿಗೆ ಎಲ್ಲವೂ ಬರುತ್ತವೆ; ಬೇಕಾದುದು ಮಾತ್ರ ಬರುವುದಿಲ್ಲ. ಅದೇ ವೇಳೆ ಮತ್ತಾವುದೋ ಜಾಲತಾಣದಲ್ಲಿ ಬಲ್ಲವರೊಬ್ಬರು ಬರೆದ ಸರಿಯಾದ ಉತ್ತರವು ಓದುವವರಿಲ್ಲದೆ ಬಿದ್ದಿರಬಹುದು. ಇವೆರಡನ್ನೂ ಕೂಡಿಸುವ ಸೇತುವೆಯೇ ಹುಡುಕುಪದ.

ಗೂಗಲ್ ಮೊದಲಾದ ಶೋಧಯಂತ್ರಗಳು ನಾವು ಕೇಳಿದ ಮೇಲೆ ಜಗತ್ತನ್ನೆಲ್ಲ ತಡಕುವುದಿಲ್ಲ. ಪುಸ್ತಕದ ಕೊನೆಯ ಪದಸೂಚಿಯಂತೆ, ಯಾವ ಪದವು ಯಾವ ಪುಟದಲ್ಲಿದೆಯೆಂಬ ಸೂಚಿಯನ್ನು ಅವು ಮೊದಲೇ ಸಿದ್ಧಪಡಿಸಿಟ್ಟುಕೊಂಡಿರುತ್ತವೆ. ಆದರೆ ಎಲ್ಲ ಪದಗಳಿಗೂ ಒಂದೇ ತೂಕವಿರುವುದಿಲ್ಲ. ವಿರಳವಾದ ಪದಕ್ಕೆ ಹೆಚ್ಚು ಬೆಲೆ ಕೊಡಬೇಕೆಂಬ ತತ್ತ್ವವನ್ನು ಕರೆನ್ ಸ್ಪಾರ್ಕ್ ಜೋನ್ಸ್ ಎಂಬ ಇಂಗ್ಲಿಷ್ ವಿದುಷಿ 1972ರಲ್ಲಿ ಪ್ರತಿಪಾದಿಸಿದರು. ನಮ್ಮಲ್ಲಿ 1024 ಪುಟಗಳಿವೆಯೆನ್ನೋಣ. ‘ಬೆಳೆ’ ಎಂಬ ಪದವು 512 ಪುಟಗಳಲ್ಲಿಯೂ ‘ಶೇಂಗಾ’ 64ರಲ್ಲಿಯೂ ‘ಗಿಲ್ಲೆಸುಗೂರು’ ಒಂದೇ ಒಂದರಲ್ಲಿಯೂ ಇರಲಿ. 1024ನ್ನು ಎಷ್ಟು ಸಲ ಅರ್ಧಿಸಿದರೆ ಆ ಸಂಖ್ಯೆಗಳು ದೊರೆಯುತ್ತವೆಯೋ ಅದೇ ಆ ಪದಗಳ ತೂಕ: ಕ್ರಮವಾಗಿ 1, 4 ಮತ್ತು 10. ಗಣಿತದ ಪಾಠದಲ್ಲಿ ನೀವು ಕಲಿತ ಲಾಗರಿದಮ್ ಇದೇ ಅಲ್ಲವೆ?

ಇದಕ್ಕೊಂದು ನಿದರ್ಶನವು ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆಯೇ ಉಂಟು. ಪ್ರಾಚೀನ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಕಾಣುತ್ತಿತ್ತು. ಬೇರೆ ಅರಸರಿಗೂ ಸಲ್ಲುತ್ತಿದ್ದ ಆ ಬಿರುದು ವಿಶಾಲಪದ. ಅದರಿಂದ ವ್ಯಕ್ತಿಯು ನಿಶ್ಚಯವಾಗದು. 1915ರಲ್ಲಿ ಚಿನ್ನದ ಶೋಧದಲ್ಲಿದ್ದ ಬೀಡನ್ ಎಂಬ ಎಂಜಿನಿಯರರಿಗೆ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಬಿರುದಿನೊಡನೆ ‘ಅಶೋಕ’ ಎಂಬ ಹೆಸರೂ ಇದ್ದಿತು. ಆ ಒಂದು ವಿಶಿಷ್ಟಪದದಿಂದ, ವಿದ್ವಾಂಸರು ಅದುವರೆಗೆ ಅನ್ಯಮೂಲಗಳಿಂದ ಊಹಿಸಿದ್ದುದು ದೃಢಪಟ್ಟಿತು. ಹುಡುಕುಪದಗಳಲ್ಲಿಯೂ ಹೀಗೆಯೇ. ‘ಶೇಂಗಾ’ ಎಂಬುದು ವಿಶಾಲಪದ; ‘ಶೇಂಗಾ ಎಲೆ ಹಳದಿಯಾಗಲು ಕಾರಣ’ ಎಂಬುದು ದೀರ್ಘಪದ. ಎರಡನೆಯದನ್ನು ಬರೆಯುವವರು ಕಡಿಮೆ. ಆದರೆ ಬರೆದವರ ಅಗತ್ಯವು ಸ್ಪಷ್ಟ.

ಉದ್ದೇಶವನ್ನು ಅನುಸರಿಸಿಯೂ ವಿಂಗಡಣೆಯುಂಟು. ಆಂಡ್ರೇ ಬ್ರೋಡರ್ ಎಂಬ ಗಣಕವಿಜ್ಞಾನಿ 2002ರಲ್ಲಿ ಮೂರು ಬಗೆಗಳನ್ನು ಹೇಳಿದರು. ‘ರಾಯಚೂರು ಕೃಷಿ ವಿಶ್ವವಿದ್ಯಾನಿಲಯ’ ಎಂದು ಬರೆಯುವವನಿಗೆ ಆ ತಾಣವನ್ನು ತಲುಪಬೇಕಾಗಿದೆ. ‘ಎಲೆ ಹಳದಿಯಾಗಲು ಕಾರಣ’ ಎನ್ನುವವನಿಗೆ ತಿಳಿವಳಿಕೆ ಬೇಕು. ‘ಶೇಂಗಾ ಬೀಜ ಖರೀದಿ’ ಎನ್ನುವವನಿಗೆ ಕಾರ್ಯವೊಂದು ನಡೆಯಬೇಕು. ತಿಳಿವಳಿಕೆ ಬಯಸಿದವನ ಮುಂದೆ ಅಂಗಡಿಯನ್ನು ತೆರೆದಿಟ್ಟರೆ ಅವನು ಬೇಸರದಿಂದ ಹಿಂದಿರುಗುವನು.

ಕನ್ನಡದಲ್ಲಿ ಇನ್ನೂ ಕೆಲವು ತೊಡಕುಗಳಿವೆ. ನಮ್ಮವರ ಶೇಂಗಾ ಮೈಸೂರಿನ ಕಡೆ ಕಡಲೆಕಾಯಿಯಾಗುತ್ತದೆ. ನಮ್ಮ ನೆಲ್ಲು ಅಲ್ಲಿ ಭತ್ತವಾಗುತ್ತದೆ. ಸುಗೂರು ಎಂದೂ ಸೂಗೂರು ಎಂದೂ ಬರೆಯುವುದುಂಟು. ಬರಿಯ ‘ಸುಗೂರು’ ಎಂದರೆ ಗಿಲ್ಲೆಸುಗೂರೋ ದೇವಸುಗೂರೋ ತಿಳಿಯದು. ಮಣ್ಣು, ಮಣ್ಣಿನ, ಮಣ್ಣಿಗೆ ಎಂಬವು ನಮಗೆ ಒಂದೇ ಪದದ ರೂಪಗಳು. ಅಕ್ಷರಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ಅವು ಮೂರು ಪದಗಳು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕುವವರೂ ಅನೇಕರು. ಇಂದಿನ ಯಂತ್ರಗಳು ಸಮಾನಾರ್ಥಗಳನ್ನೂ ಗ್ರಹಿಸಲು ಯತ್ನಿಸುತ್ತವೆ, ನಿಜ. ಆದರೂ ಪುಟದಲ್ಲಿ ಪದವೇ ಇದ್ದರೆ ಕೆಲಸವು ಸುಲಭ.

ಹಾಗೆಂದು ಒಂದೇ ಪದವನ್ನು ನೂರು ಸಲ ತುರುಕಿದರೆ ಪ್ರಯೋಜನವಿಲ್ಲ. ಯಂತ್ರವು ಅದನ್ನು ಮೋಸವೆಂದು ಎಣಿಸುವುದು. ಓದುಗನಿಗೆ ಕಾಣದಂತೆ ಪುಟದೊಳಗೆ ಅಡಗಿಸಿಡುವ ಪದಪಟ್ಟಿಯನ್ನು ಸ್ಥಾನನಿರ್ಣಯಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಪ್ರಕಟಿಸಿತು.

ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಶೇಂಗಾ ಬೆಳೆಗೆ ಕಬ್ಬಿಣವು ಸಾಲದೆ ಎಳೆಯ ಎಲೆಗಳು ಹಳದಿಯಾಗುವುದುಂಟು. ಈ ಸಂಗತಿಯನ್ನು ‘ಕಡಲೆಕಾಯಿಯಲ್ಲಿ ಪತ್ರಹರಿತ್ತಿನ ನ್ಯೂನತೆ’ ಎಂಬ ಶೀರ್ಷಿಕೆಯಡಿ ಬರೆದರೆ ಶಾಸ್ತ್ರಕ್ಕೆ ಕುಂದಿಲ್ಲ. ಆದರೆ ನಮ್ಮ ವಿದ್ಯಾರ್ಥಿಗೆ ಅದು ಎಟುಕದೆ ಹೋಗಬಹುದು. ‘ಶೇಂಗಾ ಎಲೆ ಏಕೆ ಹಳದಿಯಾಗುತ್ತದೆ?’ ಎಂದು ಮೊದಲು ಬರೆದು, ಶಾಸ್ತ್ರದ ಪದವನ್ನು ಅನಂತರ ಪರಿಚಯಿಸಿದರೆ ಇಬ್ಬರಿಗೂ ಲಾಭ. ನಿಮ್ಮಲ್ಲಿ ಯಾರಾದರೂ ನಾಳೆ ಜಾಲತಾಣವನ್ನು ಕಟ್ಟುವುದಾದರೆ, ಬರೆಯುವ ಮುನ್ನ ಊರಿನ ಹತ್ತು ಮಂದಿಯನ್ನು ಕಂಡು, ಅವರು ಇದನ್ನು ಯಾವ ಮಾತಿನಲ್ಲಿ ಕೇಳುತ್ತಾರೆಂದು ವಿಚಾರಿಸಿರಿ.