ಒಂದು ದೀರ್ಘಕ್ಕೆ ಮೂರು ಬೈಟ್

ಚಿಂಚೋಳಿ ತಾಲೂಕಿನ ಅಂಚಿನಲ್ಲಿ, ತೆಲಂಗಾಣಕ್ಕೆ ಹತ್ತಿರವಾಗಿ, ಕಾಡಿನ ಮಗ್ಗುಲಲ್ಲಿರುವ ಊರು ಕುಂಚಾವರಂ. ಕನ್ನಡ ವಿಕಿಪೀಡಿಯದ ಯಾವುದೋ ಲೇಖನದಲ್ಲಿ ಅದು 'ಕುಂಚವರಂ' ಎಂದು ಅಚ್ಚಾಗಿದೆ ಎಂದುಕೊಳ್ಳಿ. ಸೇಡಂನಲ್ಲಿ ಓದುವ ಹುಡುಗಿಯೊಬ್ಬಳು ಮೊಬೈಲಿನಲ್ಲೇ ಅದನ್ನು ಕಂಡು, ಚಕಾರಕ್ಕೆ ದೀರ್ಘ ಕೊಟ್ಟು ಉಳಿಸುತ್ತಾಳೆ. ಲೇಖನ ಬರೆದವರು ಬೇರೆ ಯಾರೋ. ತಿದ್ದಿದ್ದಕ್ಕೆ ಅವಳಿಗೆ ಸಲ್ಲುವುದೇನು? ಇದಕ್ಕೆ ಜನ ಕೊಡುವ ಉತ್ತರಗಳಲ್ಲಿ ಬಹುಪಾಲು ತಪ್ಪು. ಆ ತಪ್ಪು ತಿಳಿವಳಿಕೆಯಿಂದಲೇ ಕೆಲವರು ತಿದ್ದಲು ಹಿಂಜರಿಯುತ್ತಾರೆ, ಕೆಲವರು ಬೇಡದ ಕಾರಣಕ್ಕೆ ತಿದ್ದುತ್ತಾರೆ.

ಮೊದಲ ತಪ್ಪು ಕಲ್ಪನೆ: ಲೇಖನ ಶುರು ಮಾಡಿದವರೇ ಅದರ ಒಡೆಯರು, ತಿದ್ದಿದವರ ಶ್ರಮವೆಲ್ಲ ಅವರ ಲೆಕ್ಕಕ್ಕೇ ಹೋಗುತ್ತದೆ. ನಿಜವೆಂದರೆ ವಿಕಿಪೀಡಿಯದಲ್ಲಿ ಲೇಖನದ ತಲೆಯ ಮೇಲೆ ಯಾರ ಹೆಸರೂ ಇರುವುದಿಲ್ಲ. ಹೆಸರುಗಳಿರುವುದು 'ಇತಿಹಾಸ' ಎಂಬ ಪುಟದಲ್ಲಿ. ಪ್ರತಿ ಸಲ ಉಳಿಸಿದಾಗಲೂ ಅಲ್ಲಿ ಒಂದು ಸಾಲು ಸೇರುತ್ತದೆ: ದಿನಾಂಕ, ಗಂಟೆ, ಸದಸ್ಯರ ಹೆಸರು, ಅವರು ಬರೆದ ಸಾರಾಂಶ, ಎಷ್ಟು ಕೂಡಿತು ಎಷ್ಟು ಕಳೆಯಿತು ಎಂಬ ಅಂಕಿ. ಲೇಖನ ಆರಂಭಿಸಿದವರಿಗೆ ಪಟ್ಟಿಯ ತಳದಲ್ಲಿ ಒಂದು ಸಾಲು. ದೀರ್ಘ ಹಾಕಿದ ಹುಡುಗಿಗೆ ಮೇಲ್ತುದಿಯಲ್ಲಿ ಒಂದು ಸಾಲು. ಎರಡರ ಅಕ್ಷರದ ಗಾತ್ರವೂ ಒಂದೇ.

ಈ ಪುಟದ ಬೆಲೆ ಏನೆಂದು ಸೇಡಂ ತಾಲೂಕಿನವರಿಗೆ ಬೇರೆಯವರಿಗಿಂತ ಬೇಗ ತಿಳಿಯಬೇಕು. ಕಾಗಿಣಾ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು 850ರ ಹೊತ್ತಿನ 'ಕವಿರಾಜಮಾರ್ಗ' ಹುಟ್ಟಿದ್ದು ಆ ಅರಸೊತ್ತಿಗೆಯ ಆಶ್ರಯದಲ್ಲಿ. 1898ರಲ್ಲಿ ಕೆ. ಬಿ. ಪಾಠಕರು ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದಾಗ ಕರ್ತೃ ಅರಸ ನೃಪತುಂಗನೇ ಎಂದು ತಿಳಿದಿದ್ದರು. ಆಮೇಲೆ ಕವಿ ಶ್ರೀವಿಜಯನ ಪರವಾಗಿ ವಿದ್ವಾಂಸರು ವರ್ಷಗಟ್ಟಲೆ ವಾದಿಸಬೇಕಾಯಿತು. ಬರೆದವನು ಯಾರು, ಒಪ್ಪಿಗೆ ಕೊಟ್ಟವನು ಯಾರು ಎಂಬುದಕ್ಕೇ ಇಷ್ಟು ಜಗ್ಗಾಟ ನಡೆದರೆ, ಓಲೆಗರಿಯಿಂದ ಓಲೆಗರಿಗೆ ನಕಲು ಮಾಡುತ್ತ ನಡುವೆ ತಿದ್ದಿದ ಲಿಪಿಕಾರರ ಹೆಸರನ್ನು ಎಲ್ಲಿ ಹುಡುಕುವುದು? ಆ ಕೈಗಳಿಗೆ ದಕ್ಕದ ಸಾಲು ಇವತ್ತು ಒಂದು ದೀರ್ಘ ಹಾಕಿದವಳಿಗೂ ದಕ್ಕುತ್ತದೆ. ಇದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಇನ್ನು ಆ ಅಂಕಿ. ಹಸಿರು ಅಂಕಿ ಒಳ್ಳೆಯ ಕೆಲಸಕ್ಕೆ, ಕೆಂಪು ಅಂಕಿ ಕೆಟ್ಟ ಕೆಲಸಕ್ಕೆ ಎಂದು ಹಲವರು ನಂಬಿದ್ದಾರೆ. ಅದು ಬರೀ ಬೈಟ್ ಲೆಕ್ಕ. ಕನ್ನಡದ ಪ್ರತಿ ವ್ಯಂಜನಕ್ಕೆ, ಪ್ರತಿ ಸ್ವರಚಿಹ್ನೆಗೆ, ಸೊನ್ನೆಗೆ ಮೂರು ಮೂರು ಬೈಟ್. ಹಾಗಾಗಿ ಹುಡುಗಿಯ ಸಾಲಿನಲ್ಲಿ ಕಾಣುವುದು +3. 'ಕುಂಚಾವರಂ' ಎಂದು ಕನ್ನಡದಲ್ಲಿ ಬರೆದರೆ 24 ಬೈಟ್, ಇಂಗ್ಲಿಷಿನಲ್ಲಿ ಬರೆದರೆ 11. ಇನ್ನೊಂದು ಉದಾಹರಣೆ. 2014ರ ನವೆಂಬರ್ 1ರಂದು ನಮ್ಮ ಜಿಲ್ಲೆಯ ಹೆಸರು ಅಧಿಕೃತವಾಗಿ ಕಲಬುರಗಿ ಆಯಿತು. ಹಳೆಯ ಲೇಖನದಲ್ಲಿ 'ಗುಲ್ಬರ್ಗ' ಎಂದಿದ್ದದ್ದನ್ನು 'ಕಲಬುರಗಿ' ಎಂದು ಮಾಡಿದರೆ ಇತಿಹಾಸದಲ್ಲಿ ಕೆಂಪಾಗಿ −3 ಬೀಳುತ್ತದೆ, ಏಕೆಂದರೆ ಹಳೆಯ ಹೆಸರಿನಲ್ಲಿ ಎರಡು ಒತ್ತಕ್ಷರಗಳಿವೆ, ಅವನ್ನು ಕೂಡಿಸುವ ಚಿಹ್ನೆಗೂ ಮೂರು ಮೂರು ಬೈಟ್. ನೂರಕ್ಕೆ ನೂರು ಸರಿಯಾದ ತಿದ್ದುಪಡಿ, ಲೆಕ್ಕದಲ್ಲಿ ಮಾತ್ರ ಕಳೆತ. ಎರಡು ಸಲ ಬಂದ ಪ್ಯಾರಾ ತೆಗೆದು ಲೇಖನ ಹಸನು ಮಾಡಿದವರ ಸಾಲು ಇನ್ನೂ ಕೆಂಪಾಗಿರುತ್ತದೆ.

ಒಟ್ಟು ತಿದ್ದುಪಡಿಗಳ ಸಂಖ್ಯೆಯನ್ನು ಹಿಡಿದು ಯಾರು ದೊಡ್ಡ ಬರಹಗಾರರು ಎಂದು ತೀರ್ಮಾನಿಸುವುದೂ ಇದೇ ಜಾತಿಯ ತಪ್ಪು. ಎಣಿಕೆಯಾಗುವುದು ಎಷ್ಟು ಸಲ ಉಳಿಸಿದಿರಿ ಎಂಬುದು ಮಾತ್ರ. ಮಳಖೇಡದ ಕೋಟೆಯ ಬಗ್ಗೆ ತಿಂಗಳು ಓದಿ, ಇಡೀ ಲೇಖನ ಒಮ್ಮೆಗೇ ಏರಿಸಿದರೆ ಒಂದು. ಹತ್ತು ಪುಟದಲ್ಲಿ ಹತ್ತು ಅಲ್ಪವಿರಾಮ ಹಾಕಿದರೆ ಹತ್ತು. ಈ ಸಂಖ್ಯೆಯಿಂದ ಪ್ರಯೋಜನವೇ ಇಲ್ಲ ಎಂದಲ್ಲ. ವಿಕಿಮೀಡಿಯ ಪ್ರತಿಷ್ಠಾನದ ಮಂಡಳಿಗೆ ಇತ್ತೀಚೆಗೆ ನಡೆದ ಚುನಾವಣೆಗಳಲ್ಲಿ ಮತ ಹಾಕಲು ಕನಿಷ್ಠ 300 ತಿದ್ದುಪಡಿಗಳು ಬೇಕಿದ್ದವು. ನೀವು ಈ ಕೆಲಸದಲ್ಲಿ ತೊಡಗಿದ್ದೀರಿ ಎಂಬುದಕ್ಕೆ ಅದು ಗುರುತು, ಬರಹದ ಯೋಗ್ಯತೆಗೆ ಅಳತೆಗೋಲಲ್ಲ.

ತಿದ್ದಿದರೆ ದುಡ್ಡು ಬರುತ್ತದೆ ಎಂಬ ಮಾತೂ ಓಡಾಡುತ್ತದೆ. ವಿಕಿಪೀಡಿಯ ತನ್ನ ಸಂಪಾದಕರಿಗೆ ಹಣ ಕೊಡುವುದಿಲ್ಲ, ಅಂಕವನ್ನೂ ಕೊಡುವುದಿಲ್ಲ. ಗೂಗಲ್ ನಕ್ಷೆಯ ದಾರಿ ಬೇರೆ. ಅಲ್ಲಿ ಲೋಕಲ್ ಗೈಡ್ ಆದವರು ಒಂದು ಜಾಗದ ವಿವರ ತಿದ್ದಿದರೆ 5 ಅಂಕ, ಹೊಸ ಜಾಗ ಸೇರಿಸಿದರೆ 15. 250 ಅಂಕಕ್ಕೆ ನಾಲ್ಕನೇ ಹಂತ, ಹೆಸರಿನ ಪಕ್ಕ ಬಿಲ್ಲೆ. ಆದರೆ ವಾಡಿ ಜಂಕ್ಷನ್ ಹತ್ತಿರದ ಅಂಗಡಿಯ ಹೆಸರನ್ನು ಸರಿಪಡಿಸಿದ್ದು ಯಾರೆಂದು ಆ ಅಂಗಡಿಯ ಪುಟ ನೋಡಿದವರಿಗೆ ಕಾಣುವುದಿಲ್ಲ. ಅಂಕವಿದೆ, ಹೆಸರಿಲ್ಲ. ಕಂಪ್ಯೂಟರ್ ಕಲಿಯುವ ಹುಡುಗರು ದಿನಾ ತೆರೆಯುವ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಎರಡೂ ಇವೆ. ಬೇರೆಯವರ ಉತ್ತರಕ್ಕೆ ಹೊಸಬರು ಸೂಚಿಸಿದ ತಿದ್ದುಪಡಿ ಒಪ್ಪಿಗೆಯಾದರೆ 2 ಅಂಕ. ಹೀಗೆ ಗಳಿಸಲು ಸಾಧ್ಯವಿರುವುದು ಒಟ್ಟು 1000 ಅಂಕ ಮಾತ್ರ. ತಮ್ಮ ಖಾತೆಯಲ್ಲಿ 2000 ಅಂಕ ದಾಟಿದವರು ಯಾರ ಒಪ್ಪಿಗೆಯೂ ಇಲ್ಲದೆ ನೇರವಾಗಿ ತಿದ್ದಬಹುದು, ಆದರೆ ಆಮೇಲೆ ತಿದ್ದಿದ್ದಕ್ಕೆ ಅಂಕ ಇಲ್ಲ. ಈ ಏರ್ಪಾಡು ನನಗೆ ಮೆಚ್ಚುಗೆ: ಕೈ ಪಳಗುವವರೆಗೆ ಉತ್ತೇಜನ, ಪಳಗಿದ ಮೇಲೆ ನಂಬಿಕೆ.

ಇನ್ನು ಬೇರೆಯವರು ವಜಾ ಮಾಡಿದ ತಿದ್ದುಪಡಿಯ ಮಾತು. ಶಹಾಬಾದ್ ಹಿಂದೆ ಚಿತ್ತಾಪುರ ತಾಲೂಕಿನಲ್ಲಿತ್ತು, ಈಗ ಅದೇ ತಾಲೂಕು ಕೇಂದ್ರ. ನೀವು ಹಾಗೆಂದು ತಿದ್ದುತ್ತೀರಿ, ಹಳೆಯ ಪುಸ್ತಕ ನೋಡಿದ ಇನ್ನೊಬ್ಬರು ವಜಾ ಮಾಡುತ್ತಾರೆ. ಕೆಲಸ ಅಳಿಸಿಹೋಯಿತು ಎಂದು ಬೇಸರ ಪಡಬೇಡಿ. ನಿಮ್ಮ ಸಾಲೂ ಉಳಿದಿರುತ್ತದೆ, ಅವರ ಸಾಲೂ ಉಳಿದಿರುತ್ತದೆ. ಆಧಾರದೊಂದಿಗೆ ಚರ್ಚೆಪುಟಕ್ಕೆ ಹೋಗಿ. ಎಲ್ಲರೂ ಸೇರಿ ಮಾತಾಡಬೇಕಾದ ವಿಷಯವಾದರೆ ಕನ್ನಡ ವಿಕಿಪೀಡಿಯದಲ್ಲಿ ಅದಕ್ಕೆಂದೇ ಅರಳಿ ಕಟ್ಟೆ ಇದೆ. ಆದರೆ ಲಾಗಿನ್ ಆಗದೆ ತಿದ್ದಿದರೆ ಆ ಸಾಲು ನಿಮ್ಮ ಹೆಸರಿಗೆ ಬರುವುದಿಲ್ಲ, ಆಮೇಲೆ ಖಾತೆ ತೆರೆದರೂ ಸೇರುವುದಿಲ್ಲ.

ಪುಕ್ಕಟೆ ಎಂದ ಮೇಲೆ ಹೆಸರು ಹೇಳದೆ ಎತ್ತಿಕೊಳ್ಳಬಹುದು ಎಂಬುದು ಎಲ್ಲಕ್ಕಿಂತ ಹಾನಿ ಮಾಡಿದ ಕಲ್ಪನೆ. ಸ್ಮರಣ ಸಂಚಿಕೆಗಳಲ್ಲಿ, ಶಾಲೆಯ ಪ್ರಾಜೆಕ್ಟುಗಳಲ್ಲಿ ಇದು ಮಾಮೂಲಿಯಾಗಿದೆ. ವಿಕಿಪೀಡಿಯದ ಬರಹ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಬಳಸಿದವರು ಮೂಲ ಲೇಖನದ ಕೊಂಡಿಯನ್ನಾಗಲಿ ಬರೆದವರ ಹೆಸರುಗಳನ್ನಾಗಲಿ ಕೊಡಲೇಬೇಕು, ಬದಲಿಸಿದ್ದರೆ ಹೇಳಬೇಕು, ಅದೇ ಪರವಾನಗಿಯಲ್ಲಿ ಮುಂದಕ್ಕೆ ಬಿಡಬೇಕು. ಕೊಂಡಿ ಇದ್ದರೆ ಅದರ ಮೂಲಕ ಇತಿಹಾಸದ ಪುಟಕ್ಕೂ, ದೀರ್ಘ ಹಾಕಿದವಳವರೆಗೂ ದಾರಿ ಇರುತ್ತದೆ. ಅನುವಾದಕ್ಕೂ ಇದೇ ನಿಯಮ. ಇಂಗ್ಲಿಷ್ ಅಥವಾ ತೆಲುಗು ವಿಕಿಪೀಡಿಯದಿಂದ ಕನ್ನಡಕ್ಕೆ ತಂದರೆ ಮೂಲ ಲೇಖನ ಯಾವುದೆಂದು ಸಾರಾಂಶದಲ್ಲಿ ನಮೂದಿಸಬೇಕು. ಎರಡು ಭಾಷೆ ಬಲ್ಲ ಗಡಿಯ ಮಂದಿ ಈ ಕೆಲಸಕ್ಕೆ ಹೇಳಿ ಮಾಡಿಸಿದವರು.

ಸಾರಾಂಶದ ಪೆಟ್ಟಿಗೆಯನ್ನು ಬಹಳ ಜನ ಖಾಲಿ ಬಿಡುತ್ತಾರೆ. 'ಊರ ಹೆಸರಿಗೆ ದೀರ್ಘ' ಎಂದು ಮೂರು ಮಾತು ಬರೆದರೆ ಮುಂದೆ ಬಂದವರಿಗೆ ಕಾರಣ ತಿಳಿಯುತ್ತದೆ. ಇತಿಹಾಸದ ಪುಟದಲ್ಲಿ ಆ ಸಾಲಿನ ಪಕ್ಕದಲ್ಲೇ ಧನ್ಯವಾದ ಹೇಳುವ ಕೊಂಡಿ ಇದೆ, 2013ರಲ್ಲಿ ಬಂದದ್ದು. ಯಾರು ಯಾರಿಗೆ ಧನ್ಯವಾದ ಹೇಳಿದರು ಎಂಬುದನ್ನು ಎಲ್ಲರೂ ನೋಡಬಹುದು. ಯಾವ ತಿದ್ದುಪಡಿಗಾಗಿ ಎಂಬ ಸೂಚನೆ ಮಾತ್ರ ತಿದ್ದಿದವಳ ಖಾತೆಗೆ ಹೋಗುತ್ತದೆ.