ಸೋಯಾ ಅವರೆಯ ತುಕ್ಕು ರೋಗ

ಶ್ರಾವಣ ಕಳೆದು ಭಾದ್ರಪದ ಕಾಲಿಡುವ ದಿನಗಳಲ್ಲಿ ಬೆಳಗಾವಿ, ಧಾರವಾಡ ಸೀಮೆಯ ಸೋಯಾ ಹೊಲವನ್ನು ಬದುವಿನ ಮೇಲೆ ನಿಂತು ನೋಡಿದವರಿಗೆ ಹಸುರಲ್ಲದೆ ಬೇರೇನೂ ಕಾಣದಿರುವುದು ಸಹಜ; ಏಕೆಂದರೆ ಸಾಲಿಗೆ ಸಾಲು ಕೂಡಿಕೊಂಡು, ಹೂ ಬಿಟ್ಟು, ಎಳೆಗಾಯಿ ಹಿಡಿದಿರುವ ಆ ಬೆಳೆಯಲ್ಲಿ ರೋಗವು ಮೊದಲು ತಲೆದೋರುವುದು ಬಿಸಿಲು ತಾಗದ, ಹೊತ್ತೇರಿದರೂ ಇಬ್ಬನಿ ಆರದ ಕೆಳಗಣ ಎಲೆಗಳಲ್ಲಿ. ಅಂತಹ ಒಂದೆಲೆಯನ್ನು ಕಿತ್ತು, ಮಗುಚಿ, ಭೂತಗನ್ನಡಿಯಲ್ಲಿ ಪರೀಕ್ಷಿಸಿದರೆ, ನರಗಳ ನಡುವೆ ಸೂಜಿಮೊನೆಯಷ್ಟು ಕಂದು ಚುಕ್ಕೆಗಳೂ, ಅವುಗಳ ಮೇಲೆ ಉಬ್ಬಿಕೊಂಡ ಪುಟ್ಟ ಗುಳ್ಳೆಗಳೂ, ಗುಳ್ಳೆಯ ನೆತ್ತಿಯಲ್ಲಿ ಒಂದು ರಂಧ್ರವೂ, ಆ ರಂಧ್ರದಿಂದ ಹೊರಚೆಲ್ಲಿದ ಮಾಸಲು ಬಣ್ಣದ ಹುಡಿಯೂ ಗೋಚರವಾಗುವುವು. ಬ್ಯಾಕ್ಟೀರಿಯಾದಿಂದೇಳುವ ಗುಳ್ಳೆಗಳೂ ಹೆಚ್ಚುಕಡಿಮೆ ಹೀಗೆಯೇ ಇರುವುವಾದರೂ ಅವುಗಳ ನೆತ್ತಿಯಲ್ಲಿ ಈ ರಂಧ್ರವಿರದು. ಹುಡಿಯ ಒಂದೊಂದು ಕಣವೂ ಒಂದು ಬೀಜಾಣು.

ಈ ರೋಗಕ್ಕೆ ಕಾರಣವಾದ ಶಿಲೀಂಧ್ರದ ಶಾಸ್ತ್ರೀಯ ನಾಮ ಫಾಕೋಪ್ಸೋರಾ ಪ್ಯಾಕಿರೈಜಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಮೊದಲು ಗುರುತಿಸಿದ್ದು ಜಪಾನಿನಲ್ಲಿ. ಕೊಳೆತ ಕಸದ ಮೇಲೂ ಬದುಕಬಲ್ಲ ಅನೇಕ ಶಿಲೀಂಧ್ರಗಳಂತಲ್ಲದೆ, ಇದಕ್ಕೆ ಜೀವಂತ ಎಲೆಯೇ ಆಹಾರ, ಅದೇ ಆಶ್ರಯ. ಎಲೆ ಸತ್ತಿತೆಂದರೆ ಇದರ ಬೆಳವಣಿಗೆಯೂ ನಿಂತಿತು. ಆದ್ದರಿಂದಲೇ ಇದು ತನ್ನ ಆಶ್ರಯದಾತನನ್ನು ಒಮ್ಮೆಗೇ ಕೊಲ್ಲದೆ, ಜೀವಕೋಶಗಳೊಳಗೆ ಸೂಕ್ಷ್ಮವಾದ ಹೀರುಕೊಂಬುಗಳನ್ನು ತೂರಿಸಿ, ಎಲೆಯು ಕಾಯಿಗಾಗಿ ಸಿದ್ಧಪಡಿಸಿದ ಪೋಷಕಾಂಶವನ್ನು ತನ್ನೆಡೆಗೆ ಸೆಳೆದುಕೊಳ್ಳುವುದು.

ಎಲೆಯೊಳಗೆ ಇದು ಪ್ರವೇಶಿಸುವ ಬಗೆ ನನಗೆ ಅತ್ಯಂತ ವಿಸ್ಮಯಕರವಾಗಿ ತೋರುತ್ತದೆ. ತುಕ್ಕು ರೋಗದ ಇತರ ಶಿಲೀಂಧ್ರಗಳ ಈ ಬಗೆಯ ಬೀಜಾಣುಗಳು ಸಾಮಾನ್ಯವಾಗಿ ಪತ್ರರಂಧ್ರಗಳನ್ನು ಹುಡುಕಿಕೊಂಡು, ತೆರೆದ ಬಾಗಿಲಿನಿಂದ ಒಳಹೋಗುವಂತೆ ಎಲೆಯನ್ನು ಹೊಗುವುವು. ಇದಾದರೋ ನೇರವಾಗಿ ಗೋಡೆಯನ್ನೇ ಭೇದಿಸುತ್ತದೆ. ಒದ್ದೆಯಾದ ಎಲೆಯ ಮೇಲೆ ಬಿದ್ದ ಬೀಜಾಣು ಮೊಳೆತು, ಒಂದು ಕಿರುನಾಳವನ್ನು ಚಾಚಿ, ಅದರ ತುದಿಯಲ್ಲಿ ಗುಂಡನೆಯ ಒಂದು ಅಂಗವನ್ನು ರೂಪಿಸಿಕೊಂಡು, ಅದರೊಳಗೆ ನಮ್ಮ ಸುತ್ತಲಿನ ವಾಯುವಿನ ಒತ್ತಡದ ಸುಮಾರು 50 ಪಟ್ಟು ಒತ್ತಡವನ್ನು ತುಂಬಿಕೊಂಡು, ಎಲೆಯ ಹೊರಪೊರೆಯನ್ನು ತೂತುಮಾಡಿ ಒಳನುಗ್ಗುತ್ತದೆ. ಇಷ್ಟೆಲ್ಲ ನಡೆಯಲು ಎಲೆಯು ಸುಮಾರು 6 ಗಂಟೆಗಳ ಕಾಲವಾದರೂ ಒದ್ದೆಯಾಗಿರಬೇಕು. ಉಷ್ಣತೆ 15ರಿಂದ 28 ಡಿಗ್ರಿ ಸೆಲ್ಸಿಯಸ್‌ನೊಳಗಿರಬೇಕು. ಜಿಟಿಜಿಟಿ ಮಳೆ, ಮೋಡ ಕವಿದ ಹಗಲು, ತಂಪಾದ ಇರುಳು, ಇವು ಒಂದಾದ ವಾರದಲ್ಲಿ ರೋಗಕ್ಕೆ ಇನ್ನೇನು ಬೇಕು?

ಇದರ ಸಾಂಕ್ರಾಮಿಕ ಶಕ್ತಿ ಅಡಗಿರುವುದು ಕಾಲದ ಲೆಕ್ಕದಲ್ಲಿ. ಸೋಂಕು ತಗುಲಿದ ಒಂದು ವಾರದ ಆಸುಪಾಸಿನಲ್ಲಿ ಚುಕ್ಕೆ ಮೂಡುತ್ತದೆ. ಮತ್ತೆ ಕೆಲವೇ ದಿನಗಳಲ್ಲಿ ಗುಳ್ಳೆ ಬಾಯಿ ತೆರೆದು, ಅಲ್ಲಿಂದ ಮುಂದೆ ವಾರಗಟ್ಟಲೆ ಬೀಜಾಣುಗಳನ್ನು ಹೊರಸೂಸುತ್ತದೆ. ಹೂವಿನಿಂದ ಕಾಯಿ ಬಲಿಯುವವರೆಗಿನ ಅವಧಿಯೊಳಗೇ ಇಂತಹ ಹಲವು ಪೀಳಿಗೆಗಳು ಆಗಿಹೋಗುವುದರಿಂದ, ಒಂದು ವಾರ ಅಲ್ಲೊಂದು ಇಲ್ಲೊಂದು ಚುಕ್ಕೆಯಿದ್ದ ಹೊಲದಲ್ಲಿ ಎರಡು ಮೂರು ವಾರಗಳಲ್ಲಿ ಎಲೆಗಳೆಲ್ಲ ಹಳದಿಯಾಗಿ ಉದುರಿ, ಕಾಳು ಜೊಳ್ಳಾಗುವುದು. ರೋಗ ತೀವ್ರವಾದೆಡೆ ನೂರಕ್ಕೆ 80ರಷ್ಟು ಇಳುವರಿ ನಷ್ಟವಾದುದುಂಟು.

ಬೀಜಾಣುಗಳಿಗೆ ಗಾಳಿಯೇ ವಾಹನ. ಬಹುಕಾಲ ಏಷ್ಯಾ ಮತ್ತು ಆಸ್ಟ್ರೇಲಿಯಗಳಲ್ಲಿದ್ದ ಈ ರೋಗವು 1990ರ ದಶಕದಲ್ಲಿ ಆಫ್ರಿಕವನ್ನೂ, 2001ರಲ್ಲಿ ದಕ್ಷಿಣ ಅಮೆರಿಕದ ಪರಾಗ್ವೆಯನ್ನೂ, ಅದರ ಬೆನ್ನಿಗೇ ಬ್ರೆಜಿಲನ್ನೂ ಮುಟ್ಟಿತು. 2004ರ ಸೆಪ್ಟೆಂಬರಿನಲ್ಲಿ ಬೀಸಿದ ಐವನ್ ಎಂಬ ಚಂಡಮಾರುತವು ಬೀಜಾಣುಗಳನ್ನು ಸಮುದ್ರ ದಾಟಿಸಿ ಅಮೆರಿಕದ ಸಂಯುಕ್ತ ಸಂಸ್ಥಾನಕ್ಕೆ ತಂದಿತೆಂದು ವಿಜ್ಞಾನಿಗಳ ಅಭಿಪ್ರಾಯ. ಅದೇ ನವೆಂಬರಿನಲ್ಲಿ ಲೂಯಿಸಿಯಾನದ ಹೊಲದಲ್ಲಿ ರೋಗ ಪತ್ತೆಯಾಯಿತು. ನಮ್ಮ ಕೃಷ್ಣಾ ತೀರದ ಉಗಾರ ಖುರ್ದದ ಕಡೆಯಲ್ಲಿ ಇದು ಉಗ್ರರೂಪ ತಾಳಿದುದು 1994ರಲ್ಲಿ.

ಜೀವಂತ ಎಲೆಯನ್ನು ಬಿಟ್ಟು ಬಾಳಲಾರದೆಂಬುದೇ ಈ ಶಿಲೀಂಧ್ರದ ದೌರ್ಬಲ್ಯವೂ ಹೌದು. ಸೋಯಾದ ಮುಖ್ಯ ಬೆಳೆ ಇಲ್ಲದ ಋತುವಿನಲ್ಲಿ ಬೇರೆ ದ್ವಿದಳ ಸಸ್ಯಗಳ ಮೇಲೆಯೂ, ನೀರಾವರಿಯಲ್ಲಿ ಬೆಳೆದ ಬೇಸಗೆಯ ಸೋಯಾದ ಮೇಲೆಯೂ, ಕೊಯ್ಲಿನಲ್ಲಿ ಉದುರಿ ತಾನಾಗಿ ಹುಟ್ಟಿದ ಗಿಡಗಳ ಮೇಲೆಯೂ ಅದು ದಿನ ದೂಡುತ್ತದೆ. ಇದನ್ನರಿತ ಬ್ರೆಜಿಲಿನ ರಾಜ್ಯಗಳು 2006ರಿಂದೀಚೆಗೆ, ವರ್ಷದಲ್ಲಿ ಎರಡು ಮೂರು ತಿಂಗಳು ಹೊಲದಲ್ಲಿ ಒಂದು ಸೋಯಾ ಗಿಡವೂ ಜೀವದಿಂದಿರಬಾರದೆಂದು ಕಾನೂನು ಮಾಡಿದುವು. ಒಬ್ಬ ರೈತನ ಅಲಕ್ಷ್ಯವು ಊರಿನ ಎಲ್ಲರ ನಷ್ಟವಾಗಬಲ್ಲ ವಿಷಯದಲ್ಲಿ ಅದು ಸರಿಯಾದ ಕ್ರಮವೆಂದೇ ನನ್ನ ಅಭಿಮತ.

ಔಷಧಿಯ ಮಾತು ಬಂದಾಗ, ಹೆಕ್ಸಾಕೊನಜೋಲ್‌ನಂತಹ ಶಿಲೀಂಧ್ರನಾಶಕಗಳು ಸಕಾಲದಲ್ಲಿ ಸಿಂಪಡಿಸಿದರೆ ಫಲಕಾರಿ; ಆದರೆ ಒಂದೇ ಬಗೆಯದನ್ನು ಮತ್ತೆಮತ್ತೆ ಬಳಸಿದಲ್ಲಿ ಶಿಲೀಂಧ್ರವು ಅದಕ್ಕೆ ಒಗ್ಗಿಹೋಗುವುದನ್ನು ಬ್ರೆಜಿಲ್ ಕಂಡಿದೆ. ಸಸ್ಯವೇ ತಡೆಯುವಂತಾಗುವುದು ಇದಕ್ಕಿಂತ ಮೇಲು. ನಿರೋಧ ಗುಣವುಳ್ಳ ಗಿಡಗಳಲ್ಲಿ ಚುಕ್ಕೆ ಕೆಂಗಂದು ಬಣ್ಣಕ್ಕೆ ತಿರುಗಿ, ಸುತ್ತಲಿನ ಕೋಶಗಳು ತಾವೇ ಸತ್ತು ಶಿಲೀಂಧ್ರಕ್ಕೆ ಅನ್ನವಿಲ್ಲದಂತೆ ಮಾಡುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಬಿಡುಗಡೆ ಮಾಡಿದ ಡಿಎಸ್‌ಬಿ 21 ಎಂಬ ತಳಿಯು ತುಕ್ಕನ್ನು ತಡೆಯುವ ಗುಣಕ್ಕೇ ಹೆಸರಾಗಿದೆ.

ರೋಗಕ್ಕೆ ತುತ್ತಾಗುವ ತಳಿಯನ್ನೇ ಬಿತ್ತಿರುವ ರೈತಬಾಂಧವರಲ್ಲಿ ನನ್ನ ವಿನಂತಿಯಿಷ್ಟೇ: ಹೂ ಕಂಡ ದಿನದಿಂದ ಕಾಯಿ ಬಲಿಯುವವರೆಗೆ ವಾರಕ್ಕೆರಡು ಬಾರಿಯಾದರೂ ಹೊಲದ ನಡುವೆ ಹೊಕ್ಕು, ಬಾಗಿ, ಬುಡದ ಎಲೆಗಳ ಅಡಿಭಾಗವನ್ನು ಮಗುಚಿ ನೋಡಿರಿ, ಮೊದಲ ಗುಳ್ಳೆ ಕಂಡಾಗಲೇ ಸಿಂಪಡಿಸಿರಿ, ನೆರೆಹೊಲದವರಿಗೂ ತಿಳಿಸಿರಿ.