ಯಂತ್ರವನ್ನು ಕೇಳುವಾಗ ಅರ್ಧ ಹೇಳಬೇಡಿ

62 ವರ್ಷದ ತಾಯಿಯೊಬ್ಬರು ಈಚೆಗೆ ಮುಖ, ಪಾದ ಊದಿಕೊಂಡು ನನ್ನ ಬಳಿ ಬಂದರು. ರಕ್ತದೊತ್ತಡ ಬಹಳ ಏರಿತ್ತು. "ಹೊಸದಾಗಿ ಏನಾದ್ರೂ ಮಾತ್ರೆ ತಗೊಂಡ್ರಾ ಅಮ್ಮಾ?" ಎಂದು ಕೇಳಿದೆ. "ಎರಡು ವಾರದಿಂದ ಮಂಡಿನೋವಿಗೆ ಒಂದು ಮಾತ್ರೆ ತಗೋತಿದೀನಿ ಡಾಕ್ಟ್ರೇ. ಮೊಮ್ಮಗ ಮೊಬೈಲಲ್ಲಿ ಕೇಳಿ ಹೇಳಿದ" ಎಂದರು.

ಮೊಮ್ಮಗ ಚಾಟ್‌ಬಾಟ್‌ಗೆ ಹಾಕಿದ್ದ ಪ್ರಶ್ನೆ ಇಷ್ಟೇ: 'ಮಂಡಿನೋವಿಗೆ ಒಳ್ಳೆಯ ಮಾತ್ರೆ ಯಾವುದು?' ಬಂದ ಉತ್ತರ ಐಬುಪ್ರೊಫೆನ್. ಆರೋಗ್ಯವಂತ ಯುವಕನೊಬ್ಬ ಕೇಳಿದ್ದರೆ ಅದು ಸರಿಯಾದ ಉತ್ತರವೇ. ಆದರೆ ಅಜ್ಜಿಗೆ ಹತ್ತು ವರ್ಷಗಳಿಂದ ರಕ್ತದೊತ್ತಡವಿದೆ. ಮೂತ್ರಪಿಂಡಗಳು ಸ್ವಲ್ಪ ದುರ್ಬಲವೆಂದು ಹಿಂದಿನ ಪರೀಕ್ಷೆಯಲ್ಲೇ ಗೊತ್ತಾಗಿತ್ತು. ಇಂಥವರಲ್ಲಿ ಈ ಗುಂಪಿನ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪು, ನೀರನ್ನು ಉಳಿಸಿ ಒತ್ತಡವನ್ನು ಏರಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ. ಈ ವಿಷಯ ಬೀರುವಿನ ಫೈಲಿನಲ್ಲಿತ್ತು, ಪ್ರಶ್ನೆಯಲ್ಲಿ ಇರಲಿಲ್ಲ.

ಈಗ ಅನೇಕ ಮನೆಗಳಲ್ಲಿ ವೈದ್ಯರಿಗಿಂತ ಮೊದಲು ಚಾಟ್‌ಬಾಟ್‌ಗೆ ಪ್ರಶ್ನೆ ಹೋಗುತ್ತಿದೆ. ಕೇಳಲೇಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಆದ್ದರಿಂದ ಕೇಳುವ ಕ್ರಮವನ್ನಾದರೂ ತಿಳಿದುಕೊಳ್ಳುವುದು ಒಳ್ಳೆಯದು.

ಯಂತ್ರ ಮತ್ತು ವೈದ್ಯ

ಚಾಟ್‌ಬಾಟ್ ಅಪಾರ ಬರಹವನ್ನು ಅರೆದು ಕುಡಿದ ಯಂತ್ರ. ನೀವು ಬರೆದ ಮಾತಿಗೆ ಮುಂದೆ ಯಾವ ಪದ ಬರುವುದು ಸಹಜ ಎಂದು ಲೆಕ್ಕಹಾಕುತ್ತಾ ಉತ್ತರವನ್ನು ಹೆಣೆಯುತ್ತದೆ. ಅದರ ಎದುರು ರೋಗಿಯಿಲ್ಲ, ನಿಮ್ಮ ವಾಕ್ಯ ಮಾತ್ರ ಇದೆ. ನೀವು ಕುಂಟುತ್ತಾ ಒಳಗೆ ಬಂದದ್ದು, ಏದುಸಿರು ಬಿಡುತ್ತಿರುವುದು ವೈದ್ಯರ ಕಣ್ಣಿಗೆ ಬೀಳುತ್ತದೆ. 'ಎಷ್ಟು ದಿನದಿಂದ?' 'ಸಕ್ಕರೆ ಕಾಯಿಲೆ ಇದೆಯೇ?' ಎಂದು ಅವರು ಕೆದಕುತ್ತಾರೆ. ಕೆಲವು ಚಾಟ್‌ಬಾಟ್‌ಗಳು ಮರುಪ್ರಶ್ನೆ ಹಾಕುವುದುಂಟು; ಆದರೆ ಹಾಕಿಯೇ ತೀರುತ್ತವೆಂದು ನಂಬುವಂತಿಲ್ಲ.

ಇದರ ಪರಿಣಾಮಕ್ಕೆ ಅಮೆರಿಕದ ಒಂದು ಪ್ರಕರಣವನ್ನು ನೋಡಿ. 60 ವರ್ಷದ ವ್ಯಕ್ತಿಯೊಬ್ಬರಿಗೆ ಊಟದಿಂದ ಕ್ಲೋರೈಡನ್ನು ತೆಗೆದುಹಾಕಬೇಕೆಂಬ ಯೋಚನೆ ಬಂತು. ಚಾಟ್‌ಜಿಪಿಟಿಯನ್ನು ವಿಚಾರಿಸಿದ ಮೇಲೆ ಅವರು ಅಡುಗೆ ಉಪ್ಪಿನ ಬದಲು ಸೋಡಿಯಂ ಬ್ರೋಮೈಡನ್ನು ಮೂರು ತಿಂಗಳು ಸೇವಿಸಿದರು. ನೆರೆಯವರು ವಿಷ ಹಾಕುತ್ತಿದ್ದಾರೆಂಬ ಭ್ರಮೆಯೊಂದಿಗೆ ಆಸ್ಪತ್ರೆ ಸೇರಿ, ಮೂರು ವಾರ ಅಲ್ಲಿರಬೇಕಾಯಿತು. ಅದು ಬ್ರೋಮೈಡ್ ವಿಷ! 2025ರಲ್ಲಿ ಈ ವರದಿಯನ್ನು ಪ್ರಕಟಿಸಿದ ವೈದ್ಯರಿಗೆ ಆತನ ಮೂಲ ಸಂಭಾಷಣೆ ಸಿಗಲಿಲ್ಲ. ಕ್ಲೋರೈಡಿಗೆ ಬದಲಿ ಯಾವುದೆಂದು ಅವರೇ ಕೇಳಿ ನೋಡಿದಾಗ ಉತ್ತರದಲ್ಲಿ ಬ್ರೋಮೈಡ್ ಹೆಸರೂ ಬಂತು. ಆದರೆ ಯಾತಕ್ಕಾಗಿ ಕೇಳುತ್ತಿದ್ದೀರಿ ಎಂದು ಯಂತ್ರ ವಿಚಾರಿಸಲಿಲ್ಲ. ವೈದ್ಯರಾಗಿದ್ದರೆ ಮೊದಲು ಕೇಳುತ್ತಿದ್ದುದೇ ಅದನ್ನು.

ಹೀಗೆ ಕೇಳಿ

ಯಂತ್ರ ಕೇಳದಿದ್ದರೂ ನೀವೇ ಹೇಳಿಬಿಡಬೇಕು. ವೈದ್ಯರ ಮುಂದೆ ಕುಳಿತಾಗ ಹೇಳುವಂತೆಯೇ ಬರೆಯಿರಿ.

1. ಯಾರಿಗೆ ಎಂಬುದನ್ನು ಮೊದಲು ಹೇಳಿ. ವಯಸ್ಸು, ಗಂಡೋ ಹೆಣ್ಣೋ, ಗರ್ಭಿಣಿಯೇ, ಹಾಲೂಡಿಸುತ್ತಿರುವ ತಾಯಿಯೇ ಎಂಬುದು ಇರಲಿ. ಮಗುವಾದರೆ ತೂಕ ಬೇಕೇ ಬೇಕು. ಜ್ವರದ ಪ್ಯಾರಾಸಿಟಮಾಲ್ ಸಿರಪ್ಪು 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವುದೂ ಸಿಗುತ್ತದೆ, 250 ಮಿ.ಗ್ರಾಂ. ಇರುವುದೂ ಸಿಗುತ್ತದೆ. ಬಾಟಲಿಯ ಮೇಲಿನ ಬರಹ ನೋಡದೆ 'ಎಷ್ಟು ಚಮಚ?' ಎಂದು ಕೇಳಿದರೆ ಮಗುವಿನ ಹೊಟ್ಟೆಗೆ ಎರಡು ಪಟ್ಟು ಮದ್ದು ಹೋದೀತು. ಪ್ರಮಾಣವನ್ನು ಕೊನೆಗೆ ವೈದ್ಯರಲ್ಲೇ ಖಚಿತಪಡಿಸಿಕೊಳ್ಳಿ.

2. ಹಳೆಯ ಕಾಯಿಲೆ, ಈಗ ನುಂಗುತ್ತಿರುವ ಎಲ್ಲ ಮಾತ್ರೆ, ಒಗ್ಗದ ಮದ್ದು ಇವುಗಳನ್ನು ಬರೆಯಿರಿ. ನಾಟಿ ಔಷಧಿ, ಆಯುರ್ವೇದದ ಪುಡಿಯನ್ನೂ ಬಿಡಬೇಡಿ. ಮಾತ್ರೆಯ ಹೆಸರನ್ನು ನೆನಪಿನಿಂದಲ್ಲ, ಪಟ್ಟಿಯ ಮೇಲೆ ಓದಿ ಬರೆಯಿರಿ.

3. ರೋಗದ ಹೆಸರು ಹೇಳಬೇಡಿ, ಆಗುತ್ತಿರುವುದನ್ನು ಹೇಳಿ. ನಮ್ಮಲ್ಲಿ ಹೊಟ್ಟೆಯಿಂದ ಗಂಟಲಿನವರೆಗೆ ಏನಾದರೂ ಅದು 'ಗ್ಯಾಸ್ಟ್ರಿಕ್'! 'ಗ್ಯಾಸ್ಟ್ರಿಕ್ ನೋವಿಗೆ ಏನು ಮಾಡಲಿ?' ಎಂದರೆ ರೋಗವನ್ನು ನೀವೇ ತೀರ್ಮಾನಿಸಿದಂತಾಯಿತು. ಯಂತ್ರ ಅದೇ ದಾರಿ ಹಿಡಿದು ಶುಂಠಿ, ಮಜ್ಜಿಗೆ ಎಂದೀತು. ನೋವು ಎಲ್ಲಿ, ಯಾವಾಗಿನಿಂದ, ಉರಿಯೋ ಹಿಂಡಿದಂತೆಯೋ, ಊಟದ ನಂತರವೋ ನಡೆದಾಗಲೋ ಎಂದು ಬಿಡಿಸಿ ಬರೆಯಿರಿ.

4. ಮದ್ದಿನ ಹೆಸರು ಕೇಳುವ ಬದಲು ಬೇರೆ ಪ್ರಶ್ನೆ ಕೇಳಿ. 'ಉತ್ತರಿಸುವ ಮೊದಲು ನಿನಗೆ ಬೇಕಾದ ವಿವರಗಳನ್ನು ಕೇಳು' ಎನ್ನಿ. 'ಯಾವ ಲಕ್ಷಣ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು?' 'ವೈದ್ಯರನ್ನು ನಾನು ಏನೇನು ಕೇಳಬೇಕು?' 'ಈ ರಕ್ತಪರೀಕ್ಷೆಯ ವರದಿಯನ್ನು ಸರಳ ಕನ್ನಡದಲ್ಲಿ ತಿಳಿಸು' ಎನ್ನಿ. ಇಂಥ ಕೆಲಸಗಳಲ್ಲಿ ಚಾಟ್‌ಬಾಟ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

5. ಹೆಸರು, ಫೋನ್ ನಂಬರ್, ಆಧಾರ್ ಸಂಖ್ಯೆ ಬರೆಯಬೇಡಿ. ವರದಿಯ ಚಿತ್ರ ಕಳಿಸುವಾಗ ಹೆಸರಿನ ಭಾಗವನ್ನು ಮುಚ್ಚಿ. ಉತ್ತರ ಕೊಡಲು ಅವು ಯಾವುವೂ ಬೇಕಿಲ್ಲ.

ಒಂದು ಮಾದರಿ

ಆ ಮೊಮ್ಮಗ ಹೀಗೆ ಬರೆಯಬಹುದಿತ್ತು: 'ನನ್ನ ಅಜ್ಜಿಗೆ 62 ವರ್ಷ. 10 ವರ್ಷದಿಂದ ರಕ್ತದೊತ್ತಡ; ದಿನಕ್ಕೊಂದು ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಕ್ರಿಯಾಟಿನಿನ್ 1.6 ಎಂದು ವರದಿಯಲ್ಲಿದೆ. 3 ವಾರದಿಂದ ಬಲ ಮಂಡಿ ನೋವು, ಮೆಟ್ಟಿಲು ಹತ್ತುವಾಗ ಹೆಚ್ಚು. ಜ್ವರವಿಲ್ಲ, ಬಿದ್ದಿಲ್ಲ. ಯಾವ ನೋವಿನ ಮಾತ್ರೆಗಳು ಇವರಿಗೆ ಅಪಾಯ? ಮಾತ್ರೆಯಿಲ್ಲದೆ ಏನು ಮಾಡಬಹುದು? ಯಾವಾಗ ವೈದ್ಯರಿಗೆ ತೋರಿಸಬೇಕು?'

ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಈ ಪ್ರಶ್ನೆಗೆ ಐಬುಪ್ರೊಫೆನ್ ಬೇಡವೆಂಬ ಎಚ್ಚರಿಕೆ ಬರುವ ಸಂಭವ ಬಹಳ ಹೆಚ್ಚು. ಆದರೂ ಯಂತ್ರ ತಪ್ಪು ಹೇಳಬಹುದು, ತಪ್ಪನ್ನೂ ಅಷ್ಟೇ ನಯವಾಗಿ, ಧೈರ್ಯವಾಗಿ ಹೇಳುತ್ತದೆ. ಅದರ ಮಾತಿನ ಮೇಲೆ ಹೊಸ ಮಾತ್ರೆಯನ್ನು ಪ್ರಾರಂಭಿಸುವುದಾಗಲಿ, ನಡೆಯುತ್ತಿರುವ ಮಾತ್ರೆಯನ್ನು ನಿಲ್ಲಿಸುವುದಾಗಲಿ ಕೂಡದು.

ಕೇಳಲೇಬಾರದ ಹೊತ್ತು

ಎದೆಯಲ್ಲಿ ಹಿಂಡುವ ನೋವು, ಬೆವರು, ಉಸಿರಾಟದ ತೊಂದರೆ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಪಕ್ಕದ ಕೈಕಾಲು ಸೋಲುವುದು. ಸೆಳೆತ, ಪ್ರಜ್ಞೆ ತಪ್ಪುವುದು, ನಿಲ್ಲದ ರಕ್ತಸ್ರಾವ, ಹಾವಿನ ಕಡಿತ, ಕೀಟನಾಶಕ ಸೇವನೆ. ಇಂಥ ಸಮಯದಲ್ಲಿ ಪ್ರಶ್ನೆ ಬರೆಯುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ಬದುಕು ಸಾಕೆನಿಸುವಷ್ಟು ಮನಸ್ಸು ಕುಗ್ಗಿದ್ದರೆ ಯಂತ್ರಕ್ಕಿಂತ ಮನುಷ್ಯರ ದನಿ ಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಇದೆ.

ಆ ತಾಯಿ ಮಾತ್ರೆ ನಿಲ್ಲಿಸಿದ ಮೇಲೆ ಊತ ಇಳಿಯಿತು. ಮೊಮ್ಮಗನನ್ನು ನಾನು ಬೈಯಲಿಲ್ಲ, ಅವನು ಪ್ರೀತಿಯಿಂದಲೇ ಕೇಳಿದ್ದ. ಅಜ್ಜಿಯ ಕಾಯಿಲೆ, ಮಾತ್ರೆ, ಒಗ್ಗದ ಮದ್ದು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಲು ಹೇಳಿದೆ. ನೀವೂ ಮನೆಯ ಪ್ರತಿಯೊಬ್ಬರಿಗೂ ಅಂಥದೊಂದು ಹಾಳೆ ಮಾಡಿಡಿ. ಯಂತ್ರವನ್ನು ಕೇಳುವಾಗಲೂ ಅದು ಬೇಕು, ವೈದ್ಯರ ಬಳಿ ಹೋಗುವಾಗಲೂ ಬೇಕು.